ಎಡಕ್ಕ ಎಳೀತೈತಿ

ಪೆಡಲ್ಲಿನ ಅಚ್ಚು ಕೂರುವಲ್ಲಿ ಒಂದು ಗೆರೆ.
ಎರೆಮಣ್ಣು ಒಣಗಿದ್ದೆಂದು ಚಿಂದಿಬಟ್ಟೆಯಲ್ಲಿ ಒರೆಸಿದೆ.
ಉಗುರು ಸಿಕ್ಕಿಕೊಂಡಿತು.

ದಸ್ತಗೀರ ಚಾಚಾ ಬೆರಳ ಗೆಣ್ಣಿನಿಂದ ತಟ್ಟಿ
ಕಿವಿಗೊಟ್ಟ, ಗಡಿಗೆ ಕೊಳ್ಳುವವರ ಹಾಗೆ:
"ಖಣ್ ಅನವಲ್ದು ತಂಗಿ.
ಬೆಸುಗಿ ಹಾಕಿದ್ರ ಬಾಜೂಕ ಸೀಳತೈತಿ.
ಇದರ ಋಣ ಮುಗೀತು."

ಅಂಗಡಿಯ ತೊಲೆಗೆ ನೇತುಹಾಕಿದ್ದ ಎರಡನ್ನು ಇಳಿಸಿದ.

ಒಂದು ಅಲ್ಯುಮಿನಿಯಂ, ಪುಣೆಯದು,
ಕಿರುಬೆರಳಿಗೆ ತೂಗುತ್ತದೆ.
ಬೆಲೆ ಕೇಳಿ
ನನ್ನ ಒಂದೂವರೆ ತಿಂಗಳ ಪಗಾರ ಕೆಮ್ಮಿತು.

ಇನ್ನೊಂದು ಗೇರಿನವರಿಗೆಂದೇ ಮಾಡಿದ್ದು.
ಗಾಲಿಯನ್ನು ಹಿಂದಕ್ಕೆ ಜಗ್ಗಿ
ಚೈನು ಬಿಗಿ ಮಾಡುವ ಸೀಳೇ ಇಲ್ಲ ಅದರಲ್ಲಿ.

"ಅದಕ್ಕ ಹೇಳೂದು, ಫ್ರೀವೀಲ್ ಹಾಕ್ಕೊಂಡುಬಿಡು.
ಈಗ ಯಾವ ಮೆಡಲ್ಲು ಬರೂದೈತಿ ನಿನಗ?
ಇಳಕಲಿನ್ಯಾಗ ಕಾಲು ಸುಮ್ನ ಇಟ್ಟು ಕುಂಡ್ರು,
ತಾನ ಹೋಗತೈತಿ."

ಹೇಗೆ ಹೇಳಲಿ.
ಗಾಲಿ ತಿರುಗಿದಷ್ಟೂ ಪೆಡಲ್ಲು,
ಪೆಡಲ್ಲು ತಿರುಗಿದಷ್ಟೂ ನಾನು,
ನಿಲ್ಲಬೇಕೆಂದರೆ ತೊಡೆಯಿಂದಲೇ ಬೇಡ ಅನ್ನಬೇಕು.
ಬೆಳಿಗ್ಗೆ ಏಳಕ್ಕೆ ರಕ್ತಭಂಡಾರದಲ್ಲಿ
ಯಾರದೋ ತೋಳು ಚಾಚಿರುತ್ತದೆ, ನರ ಹುಡುಕಬೇಕು;
ಇಬ್ರಾಹಿಂಪುರದ ಗೇಟಿನಿಂದ ಅಥಣಿ ರಸ್ತೆಯವರೆಗೆ
ಒಂದು ಸುತ್ತೂ ಬಿಡದೆ ತುಳಿದು ಬಂದರೇ
ಈ ಕೈ ನಡುಗುವುದಿಲ್ಲ.
ಇಷ್ಟನ್ನು ಹೇಳಲಾರದೆ ಅಂದೆ:
"ಟಾಂಗಾದ ಕುದುರಿಗೆ ಐತೇನ್ ಚಾಚಾ ಫ್ರೀವೀಲು?"

ನಕ್ಕ. ಗಲ್ಲಾದ ಮೇಲಿನ ಚಹಾ ನನ್ನ ಕಡೆ ಸರಿಸಿದ.

"ಖರೆ, ಮುಂದಿನ ಬ್ರೇಕಿಗೆ ತೂತು ಬೇಕು," ಅಂದೆ,
"ಮೂವತ್ತೊಂದು ಮುಗೀತು ನನಗೂ.
ಫೋರ್ಕಿನ್ಯಾಗ ಎರಡು ಬೆರಳು ಸಂದಿ ಬೇಕು.
ಹ್ವಾದ ಮಳಿಗಾಲದಾಗ ಎರೆ ಮೆತ್ತಿ
ಹೂರಣ ತುಂಬಿದಂಗಾಗಿ ಗಾಲಿನ ನಿಂತಿತ್ತು,
ಸೈಕಲ್ಲು ಹೊತ್ತುಕೊಂಡು ಡ್ಯೂಟಿಗಿ ಹ್ವಾದೆ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಟ್ಟ ಹತ್ತಿದ.

ಗೋಣಿತಟ್ಟು ಬಿಚ್ಚಿದಾಗ ಹಸಿರು ಉಕ್ಕು.
ಅಳತೆ ಟೇಪು ಬೇಕಾಗಲಿಲ್ಲ.
ಸ್ಪೋರ್ಟ್ಸ್ ಹಾಸ್ಟೆಲಿನ ಬಾಗಿಲ ಚೌಕಟ್ಟಿಗೆ
ನಮ್ಮಿಬ್ಬರನ್ನೂ ಬೆನ್ನುಹಚ್ಚಿ ನಿಲ್ಲಿಸಿ
ಸೀಸಕಡ್ಡಿಯಲ್ಲಿ ಒಂದೇ ಗೆರೆ ಎಳೆದಿದ್ದರು.
ಕೆಳಗಿನ ಕೊಳವೆಯಲ್ಲಿ, ಮೊಳೆಯಿಂದ ಕೆತ್ತಿದ್ದು:
ಲಕ್ಕವ್ವ ನಾಟೀಕಾರ.

"ಬಿಲ್ಲು ಕೊಡದ ಬಿಟ್ಟು ಹ್ವಾದ್ಲು, ಆರು ವರ್ಷಾತು."

ಆರಲ್ಲ, ನನಗೆ ಹದಿಮೂರು.
ಕೊನೆಯ ಸುತ್ತು, ಕೊನೆಯ ತಿರುವು,
ಒಳಗಿನಿಂದ ನಾನು ನುಗ್ಗುತ್ತಿದ್ದೆ,
ಅವಳು ಎಡಕ್ಕೆ ಜಾರಿ ನನ್ನ ದಾರಿ ಮುಚ್ಚಿದಳು.
ಅರ್ಧ ಗಾಲಿ.
ದೂರು ಕೊಟ್ಟೆ. ಊಟದ ಸಾಲಿನಲ್ಲಿ ಹಿಂದೆ ಸರಿದು ನಿಂತೆ.
ಅವಳ ಮದುವೆಗೆ ಹೋಗಲಿಲ್ಲ.

ಫೋನು ಎತ್ತಿದಳು. ಜಮಖಂಡಿ ಡಿಪೋದ ಕಂಡಕ್ಟರ್ ಈಗ,
ಹಿಂದೆ ಯಾರೋ ಚಿಲ್ಲರೆಗೆ ಜಗಳ.
"ಒಯ್ಯಿ. ಚಾಚಾಂದು ಬಿಲ್ಲು ಕೊಟ್ಟುಬಿಡು, ಸಾಕು.
ಖರೆ ಒಂದು ಗೊತ್ತಿರಲಿ ದಾನಿ,
ಅದು ಎಡಕ್ಕ ಎಳೀತೈತಿ. ಮೊದಲಿಂದ್ಲೂ.
ಸರ್‌ಗೆ ಹೇಳಿದ್ರ ಕಸಗೊಂಡು ಬ್ಯಾರೆಯವರಿಗಿ ಕೊಡ್ತಿದ್ರು,
ಹೇಳಲಿಲ್ಲ."
ನಾನು ಏನೋ ಅನ್ನಬೇಕಿತ್ತು.
"ರೈಟ್, ರೈಟ್!" ಅಂದಳು, ಡ್ರೈವರನಿಗೆ.
ಫೋನು ಕಟ್ಟಾಯಿತು.

ಚಾಚಾ ಬ್ರೇಕಿಗೆ ತೂತು ಕೊರೆಯುವವರೆಗೆ
ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ.
ಉಕ್ಕಿನ ಸುರುಳಿ ಪುಡಿ ಬಿಸಿಬಿಸಿ ಕಾಲ ಹತ್ತಿರ ಬಿತ್ತು.
ಬಣ್ಣ ಹಚ್ಚಲೇನು ಎಂದು ಕೇಳಿದ. ಬೇಡ ಅಂದೆ.

ಇಂದಿಗೆ ಒಂಬತ್ತು ದಿನ.
ಎಳೆಯುತ್ತದೆ, ಹೌದು, ಗಟಾರದ ಕಡೆಗೆ,
ಕಬ್ಬಿನ ಲಾರಿ ಪಕ್ಕದಲ್ಲಿ ಬಂದಾಗ ಅದೇನು ಕೆಟ್ಟದ್ದಲ್ಲ.
ಉಳಿದ ದಾರಿಯುದ್ದಕ್ಕೂ
ಬಲಗೈ ಅದನ್ನು ಹಿಡಿದು ಹಿಡಿದು ನೇರ ಮಾಡುತ್ತದೆ.

ಇವತ್ತು ಕೈಗವಸು ಹಾಕುವಾಗ ನೋಡಿದೆ:
ಬಲ ಅಂಗೈಯಲ್ಲಿ, ಬೆರಳುಗಳ ಬುಡಕ್ಕೆ, ಜಡ್ಡು ಕಟ್ಟುತ್ತಿದೆ.
ಲಕ್ಕಿ ತಾಟು ಮುಂದೆ ಚಾಚಿದಾಗ
ಬಡಿಸುವವಳು ಪ್ರತಿಸಲ ಕೇಳುತ್ತಿದ್ದಳು,
ಒಂದ ಕೈಗೆ ಯಾಕ ಇಷ್ಟು ಬಿರುಸು ನಿನಗ.